ಪ್ರೋಟೀನ್ ಸವೆದು ಹೋಗುತ್ತದೆ, ನೆನಪು ಹೇಗೆ ಉಳಿಯುತ್ತದೆ? ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ

ತುಂಗಾತೀರದ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಕಳೆದ ವಾರ ನರಮಂಡಲದ ಪಾಠ ನಡೆಯುತ್ತಿತ್ತು. ನೆನಪು ಅಂದರೆ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುವುದು, ಆ ಕೊಂಡಿಗೆ ಸಿನಾಪ್ಸ್ ಅನ್ನುತ್ತಾರೆ ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಕೊಂಡಿ ಆಗಿರೋದು ಪ್ರೋಟೀನಿಂದ ಅಲ್ವಾ? ಪ್ರೋಟೀನ್ ಸ್ವಲ್ಪ ದಿನಕ್ಕೆ ಒಡೆದು ಹೊಸದು ಬರುತ್ತೆ ಅಂತ ಹೋದ ತಿಂಗಳು ನೀವೇ ಹೇಳಿದ್ರಿ. ಮತ್ತೆ ನಮ್ಮಜ್ಜಿಗೆ ಅವರ ಮದುವೆ ದಿನ ಇನ್ನೂ ಹೇಗೆ ನೆನಪಿದೆ?"

ಸೋಮವಾರ ಉತ್ತರ ಹೇಳುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ. ಪಠ್ಯಪುಸ್ತಕದಲ್ಲಿ ಸಿನಾಪ್ಸ್‌ನ ಚಿತ್ರ ಇದೆ, ಅದು ಗಟ್ಟಿಯಾಗುವ ಬಗೆ ಇಲ್ಲ. ಈ ವಿಷಯದಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಹದಿನೇಳು ವರ್ಷದ ಮಕ್ಕಳಿಗೆ ಅರ್ಥವಾಗಬೇಕು, ಆದರೆ ಸುಳ್ಳಾಗಬಾರದು.

ಬೆಳಗಿನ_ಸ್ಲೈಸ್
ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಾಬಾಶ್ ಹೇಳಿ. ಇದೇ ಪ್ರಶ್ನೆಯನ್ನು ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ನೇಚರ್ ಪತ್ರಿಕೆಯಲ್ಲಿ ಕೇಳಿದ್ದರು. ಡಿಎನ್‌ಎ ರಚನೆ ಕಂಡುಹಿಡಿದ ಅದೇ ಕ್ರಿಕ್. ಮೈಯ ಬಹುಪಾಲು ಅಣುಗಳು ದಿನಗಳಲ್ಲೋ ತಿಂಗಳುಗಳಲ್ಲೋ ಬದಲಾಗುತ್ತವೆ, ನೆನಪು ಮಾತ್ರ ದಶಕಗಳ ಕಾಲ ಇರುತ್ತದೆ, ಇದು ಹೇಗೆ ಅನ್ನುವುದೇ ಅವರ ಪ್ರಶ್ನೆ. ಅವಳಿಗೆ ಇದನ್ನು ತಪ್ಪದೇ ತಿಳಿಸಿ, ಖುಷಿಪಡುತ್ತಾಳೆ.

ನಾನು ಆರು ವರ್ಷ ಇಲಿ ಮಿದುಳಿನ ಸ್ಲೈಸ್, ಅಂದರೆ ತೆಳು ಹೋಳಿನ ಮೇಲೆ ಕೆಲಸ ಮಾಡಿದ್ದೇನೆ. ಗೊತ್ತಿರುವಷ್ಟು ಬರೆಯುತ್ತೇನೆ, ಉದ್ದ ಆಗಬಹುದು.

ಮೊದಲು ಜಾಗ. ಕಿವಿಯ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ, ಎಡಕ್ಕೊಂದು ಬಲಕ್ಕೊಂದು ಸುರುಳಿ ಇದೆ. ಅದೇ ಹಿಪೊಕ್ಯಾಂಪಸ್. ನೋಡಲು ಕಡಲಕುದುರೆಯ ಹಾಗಿದೆ ಅಂತ ಆ ಹೆಸರು ಬಂತು. ಅದು ನೆನಪಿನ ಜಾಗ ಅಂತ ಗೊತ್ತಾಗಿದ್ದು ಬಹಳ ದುಃಖದ ಒಂದು ಘಟನೆಯಿಂದ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗ ವಾಸಿ ಮಾಡಲು ಎರಡೂ ಕಡೆಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಲ್ಲಿಂದ ಮುಂದೆ, 2008ರಲ್ಲಿ ತೀರಿಕೊಳ್ಳುವವರೆಗೂ, ಹೊಸ ವಿಷಯ ಯಾವುದೂ ಅವರ ಮನಸ್ಸಿನಲ್ಲಿ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ದಶಕಗಳ ಕಾಲ ಅವರನ್ನು ಭೇಟಿಯಾದರು. ಪ್ರತಿ ಸಲವೂ ಆಕೆ ಅವರಿಗೆ ಹೊಸಬರೇ.

ಇನ್ನು ಕೊಂಡಿ ಗಟ್ಟಿಯಾಗುವ ವಿಷಯ. ಇದನ್ನು ಮೊದಲು ಕಂಡವರು ನಾರ್ವೆಯ ಟೆರ್ಯೆ ಲೊಮೊ. 1966ರಲ್ಲಿ, ಓಸ್ಲೊದಲ್ಲಿ, ಪೇರ್ ಆಂಡರ್ಸನ್ ಅವರ ಲ್ಯಾಬಿನಲ್ಲಿ. ಎರಡು ವರ್ಷದ ಮೇಲೆ ಇಂಗ್ಲೆಂಡಿನ ಟಿಮ್ ಬ್ಲಿಸ್ ಬಂದು ಸೇರಿಕೊಂಡರು. ಪ್ರಜ್ಞೆ ತಪ್ಪಿಸಿದ ಮೊಲದ ಹಿಪೊಕ್ಯಾಂಪಸ್‌ಗೆ ಹೋಗುವ ನರದ ಕಟ್ಟಿಗೆ ಸಣ್ಣ ವಿದ್ಯುತ್ ಕೊಟ್ಟು, ಆಚೆ ಎಷ್ಟು ಪ್ರತಿಕ್ರಿಯೆ ಬರುತ್ತದೆ ಅಂತ ಅಳೆದರು. ಆಮೇಲೆ ಕೆಲವೇ ಸೆಕೆಂಡು ಜೋರಾಗಿ, ಒಂದರ ಹಿಂದೆ ಒಂದು ಮಿಡಿತ ಕೊಟ್ಟರು. ಮತ್ತೆ ಮೊದಲಿನ ಸಣ್ಣ ವಿದ್ಯುತ್ತನ್ನೇ ಕೊಟ್ಟಾಗ ಪ್ರತಿಕ್ರಿಯೆ ದೊಡ್ಡದಾಗಿತ್ತು. ಕೆಲವು ಮೊಲಗಳಲ್ಲಿ ಅದು ಗಂಟೆಗಟ್ಟಲೆ ಹಾಗೇ ಉಳಿಯಿತು. ಅವರ ಪ್ರಬಂಧ ಬಂದಿದ್ದು 1973ರಲ್ಲಿ. ಇದಕ್ಕೆ ಈಗ ಲಾಂಗ್ ಟರ್ಮ್ ಪೊಟೆನ್ಶಿಯೇಶನ್, ಚಿಕ್ಕದಾಗಿ ಎಲ್‌ಟಿಪಿ ಅನ್ನುತ್ತಾರೆ.

ಧಾರವಾಡದವ
ಮೇಡಂ, ಇದು ಭಾಳ ಚಂದ ಆಯಿತು. ನಾನು ಎಲೆಕ್ಟ್ರಾನಿಕ್ಸ್ ಕಡೆಯವನು. ಒಂದು ಅನುಮಾನ. ಮಿದುಳಿನಲ್ಲಿ ಎಲ್ಲಾ ಕಡೆ ಯಾವಾಗಲೂ ಮಿಡಿತ ನಡೆಯುತ್ತಲೇ ಇರುತ್ತದೆ. ಹಾಗಾದರೆ ಎಲ್ಲಾ ಕೊಂಡಿಗಳೂ ಗಟ್ಟಿಯಾಗಿಬಿಡಬೇಕಲ್ಲ? ಯಾವುದು ಗಟ್ಟಿಯಾಗಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡುವುದು ಯಾರು?

ಬೆಳಗಿನ_ಸ್ಲೈಸ್
ಧಾರವಾಡದವರೇ, ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವನ್ನೇ ಕೇಳಿದ್ದೀರಿ.

ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ನಿಮ್ಮ ಕೀ ಒಂದರಿಂದಲೇ ಅದು ತೆಗೆಯುವುದಿಲ್ಲ. ಬ್ಯಾಂಕಿನವರ ಕೀ ಒಂದರಿಂದಲೂ ತೆಗೆಯುವುದಿಲ್ಲ. ಇಬ್ಬರೂ ಒಟ್ಟಿಗೆ ಬರಬೇಕು. ಸಿನಾಪ್ಸ್‌ನಲ್ಲಿ ಅಂಥದ್ದೇ ಒಂದು ಲಾಕರ್ ಇದೆ, ಎನ್‌ಎಂಡಿಎ ರಿಸೆಪ್ಟರ್ ಅಂತ.

ಕಳಿಸುವ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುತ್ತದೆ. ನಡುವಿನ ಸಂದು ಬರೀ 20 ನ್ಯಾನೊಮೀಟರ್. ಗ್ಲುಟಮೇಟ್ ಅದನ್ನು ದಾಟಿ, ಆಚೆ ಕೋಶದ ಮೇಲಿರುವ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿ ಮುಖ್ಯವಾಗಿ ಎರಡು ಬಗೆಯ ರಿಸೆಪ್ಟರ್ ಇವೆ. ಆಂಪಾ ಅನ್ನುವುದು ಸಾಮಾನ್ಯ ಬಾಗಿಲು. ಗ್ಲುಟಮೇಟ್ ಬಂದ ತಕ್ಷಣ ತೆಗೆಯುತ್ತದೆ, ಸೋಡಿಯಂ ಒಳಗೆ ಬರುತ್ತದೆ, ದಿನನಿತ್ಯದ ಸುದ್ದಿ ಸಾಗುತ್ತದೆ. ಎನ್‌ಎಂಡಿಎ ಹಾಗಲ್ಲ. ಅದರ ತೂತಿನಲ್ಲಿ ಒಂದು ಮೆಗ್ನೀಸಿಯಂ ಅಯಾನು ಬಿರಡೆಯ ಹಾಗೆ ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಬಂದರೂ ದಾರಿ ಬಂದ್. ಪಡೆಯುವ ಕೋಶ ತಾನೂ ಅದೇ ಹೊತ್ತಿಗೆ ಜೋರಾಗಿ ಎದ್ದಿದ್ದರೆ ಮಾತ್ರ, ಅಂದರೆ ಅದರ ಒಳಗಿನ ವೋಲ್ಟೇಜ್ ಸಾಕಷ್ಟು ಏರಿದ್ದರೆ ಮಾತ್ರ, ಮೆಗ್ನೀಸಿಯಂ ಹೊರಗೆ ತಳ್ಳಿಸಿಕೊಳ್ಳುತ್ತದೆ. ಆಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ.

ಅಂದರೆ ಈಚಿನವನು ಮಾತಾಡಿದ, ಅದೇ ಕ್ಷಣಕ್ಕೆ ಆಚೆಯವನೂ ಎಚ್ಚರವಾಗಿದ್ದ. ಎರಡೂ ಕೂಡಿದರೆ ಮಾತ್ರ ಲಾಕರ್ ತೆಗೆಯುತ್ತದೆ. ಒಟ್ಟಿಗೆ ಮಿಡಿಯುವ ಕೋಶಗಳ ನಡುವೆ ಕೊಂಡಿ ಬಲವಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1949ರಲ್ಲೇ ಊಹಿಸಿದ್ದರು. ಆಗ ಅದು ಬರೀ ಊಹೆ. 1983ರಲ್ಲಿ ಗ್ರಹಾಂ ಕಾಲಿಂಗ್ರಿಡ್ಜ್ ಮತ್ತು ಜೊತೆಗಾರರು ಎನ್‌ಎಂಡಿಎ ರಿಸೆಪ್ಟರನ್ನು ಔಷಧಿಯಿಂದ ಮುಚ್ಚಿದರೆ ಎಲ್‌ಟಿಪಿ ಆಗುವುದೇ ಇಲ್ಲ ಅಂತ ತೋರಿಸಿದರು. ಮೆಗ್ನೀಸಿಯಂ ಬಿರಡೆ ಪತ್ತೆಯಾಗಿದ್ದು ಮರುವರ್ಷ. ಮೂವತ್ತೈದು ವರ್ಷದ ಹಿಂದಿನ ಊಹೆಗೆ ಹೊಂದುವ ಅಣು ನಿಜವಾಗಿಯೂ ಮಿದುಳಿನಲ್ಲಿ ಇತ್ತು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಧಾರವಾಡದವ
ಇದು ನಮ್ಮ ಆಂಡ್ ಗೇಟ್, ಎರಡೂ ಸೂಚನೆ ಒಟ್ಟಿಗೆ ಬಂದರೆ ಮಾತ್ರ ತೆಗೆಯುವ ಸರ್ಕ್ಯೂಟ್! ಒಂದೇ ಅಣುವಿನಲ್ಲಿ. ನನಗೆ ಸರಿಯಾಗಿ ಹೊಳೆಯಿತು.

ತುಂಗಾತೀರದ_ಮೇಷ್ಟ್ರು
ಲಾಕರ್ ಉದಾಹರಣೆ ಹಾಗೇ ತಗೊಳ್ಳುತ್ತೇನೆ ಮೇಡಂ. ಕ್ಯಾಲ್ಸಿಯಂ ಒಳಗೆ ಬಂದ ಮೇಲೆ ಏನಾಗುತ್ತದೆ? ಅಲ್ಲಿಂದಲೇ ಹುಡುಗಿಯ ಪ್ರಶ್ನೆ ಶುರುವಾಗುವುದು ಅನ್ನಿಸುತ್ತದೆ.

ಬೆಳಗಿನ_ಸ್ಲೈಸ್
ಹೌದು ಸರ್. ಮೊದಲ ಕೆಲವು ನಿಮಿಷಗಳ ಕತೆ ಹೇಳುತ್ತೇನೆ.

ಕ್ಯಾಲ್ಸಿಯಂ ಹೋಗಿ ಕ್ಯಾಲ್ಮಾಡ್ಯುಲಿನ್ ಅನ್ನುವ ಪ್ರೋಟೀನ್‌ಗೆ ಅಂಟುತ್ತದೆ. ಆ ಜೋಡಿ ಹೋಗಿ ಕ್ಯಾಮ್‌ಕೆ-2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಹಿಪೊಕ್ಯಾಂಪಸ್‌ನಲ್ಲಿ ಈ ಕಿಣ್ವ ರಾಶಿ ರಾಶಿ ಇದೆ. ಸಾಮಾನ್ಯವಾಗಿ 12 ತುಂಡು ಸೇರಿ ಎರಡು ಉಂಗುರ ಆಗಿ ಕೂತಿರುತ್ತವೆ. ಎದ್ದ ತುಂಡು ತನ್ನ ಪಕ್ಕದ ತುಂಡಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಹಾಗೆ ಅಂಟಿಸಿಕೊಂಡ ತುಂಡು ಕ್ಯಾಲ್ಸಿಯಂ ಇಳಿದು ಹೋದ ಮೇಲೂ ಎದ್ದೇ ಇರುತ್ತದೆ. ಆಮೇಲೆ ಅದು ಎನ್‌ಎಂಡಿಎ ರಿಸೆಪ್ಟರ್‌ನ ಬಾಲಕ್ಕೇ ಹೋಗಿ ಕಚ್ಚಿಕೊಳ್ಳುತ್ತದೆ. ಅಂದರೆ ಲಾಕರ್ ತೆಗೆದ ಜಾಗದಲ್ಲೇ ಠಿಕಾಣಿ.

ಇದರ ಪರಿಣಾಮವಾಗಿ ಹೆಚ್ಚು ಆಂಪಾ ರಿಸೆಪ್ಟರ್‌ಗಳು ಸಿನಾಪ್ಸ್‌ಗೆ ಬಂದು ನಿಲ್ಲುತ್ತವೆ. ಬಾಗಿಲು ಜಾಸ್ತಿ ಆದವು, ಹಾಗಾಗಿ ಅದೇ ಗ್ಲುಟಮೇಟ್‌ಗೆ ಈಗ ದೊಡ್ಡ ಉತ್ತರ. ಕೆಲವು ಸಿನಾಪ್ಸ್‌ಗಳಲ್ಲಿ ಮೊದಲು ಆಂಪಾ ಇರುವುದೇ ಇಲ್ಲ, ಬರೀ ಎನ್‌ಎಂಡಿಎ. ಅವು ಮೂಕ ಸಿನಾಪ್ಸ್‌ಗಳು. ಎಲ್‌ಟಿಪಿ ಆದ ಮೇಲೆ ಅವಕ್ಕೆ ಮಾತು ಬರುತ್ತದೆ. 1995ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿದವು. ಸಿನಾಪ್ಸ್ ಕೂತಿರುವ ಸಣ್ಣ ಮೊಗ್ಗಿನಂಥ ಭಾಗ, ಅದನ್ನು ನಾವು ಸ್ಪೈನ್ ಅನ್ನುತ್ತೇವೆ, ಅದೂ ದಪ್ಪ ಆಗುತ್ತದೆ. ಜಪಾನಿನಲ್ಲಿ ಹರುವೊ ಕಸಾಯಿ ಅವರ ತಂಡ 2004ರಲ್ಲಿ ಒಂದೇ ಒಂದು ಸ್ಪೈನ್‌ಗೆ ಲೇಸರ್ ಬೆಳಕಿನಿಂದ ಗ್ಲುಟಮೇಟ್ ಕೊಟ್ಟು, ಅದು ಕಣ್ಣೆದುರಿಗೆ ಉಬ್ಬುವುದನ್ನು ನೋಡಿತು. ಪಕ್ಕದ್ದು ಹಾಗೇ ಇತ್ತು, ಇದು ಮಾತ್ರ ಉಬ್ಬಿತು.

ಇದನ್ನೆಲ್ಲ ನೋಡುವ ಕೆಲಸ ಹೇಗಿರುತ್ತದೆ ಅಂತಲೂ ಮಕ್ಕಳಿಗೆ ಹೇಳಿ. ಬೆಳಗ್ಗೆ ಬೇಗ ಹೋಗಿ ಮಿದುಳನ್ನು ಐಸ್‌ನಷ್ಟು ತಣ್ಣಗಿನ ದ್ರಾವಣದಲ್ಲಿ ಇಟ್ಟು, 0.3ರಿಂದ 0.4 ಮಿಲಿಮೀಟರ್ ದಪ್ಪದ ಹೋಳು ಮಾಡುತ್ತೇವೆ. ಆ ದ್ರಾವಣಕ್ಕೆ 95 ಪಾಲು ಆಕ್ಸಿಜನ್, 5 ಪಾಲು ಕಾರ್ಬನ್ ಡೈಆಕ್ಸೈಡ್ ಗುಳುಗುಳು ಅಂತ ಹರಿಯುತ್ತಲೇ ಇರಬೇಕು. ಹೋಳು ಕೆಲವು ಗಂಟೆ ಜೀವಂತವಾಗಿರುತ್ತದೆ. ಅಷ್ಟರಲ್ಲಿ ಎಲೆಕ್ಟ್ರೋಡ್ ಇಟ್ಟು, 20 ನಿಮಿಷ ಪ್ರತಿಕ್ರಿಯೆ ಸ್ಥಿರವಾಗಿದೆಯಾ ಅಂತ ಕಾಯಬೇಕು. ಆಮೇಲೆ ಸೆಕೆಂಡಿಗೆ 100ರಂತೆ ಒಂದು ಸೆಕೆಂಡು ಮಿಡಿತ. ಪರದೆಯ ಮೇಲಿನ ಗೆರೆ ಕಡಿದಾಗಿ ಇಳಿಯಲು ಶುರುವಾಗುತ್ತದೆ (ಇಲ್ಲಿ ಕಡಿದಾಗಿ ಇಳಿದಷ್ಟೂ ಪ್ರತಿಕ್ರಿಯೆ ದೊಡ್ಡದು ಅಂತ ಅರ್ಥ), ಗಂಟೆಯಾದರೂ ಹಾಗೇ ಇರುತ್ತದೆ. ಯಾರದೋ ನೆನಪಿನ ಒಂದು ಅಕ್ಷರ ಕಣ್ಣ ಮುಂದೆ ಬರೆದ ಹಾಗೆ ಇರುತ್ತದೆ ಸರ್.

ಪರೀಕ್ಷೆ_ಮನೆ
ನನ್ನ ಮಗಳು ದ್ವಿತೀಯ ಪಿಯು. ರಾತ್ರಿ ಎರಡರವರೆಗೆ ಓದುತ್ತಾಳೆ, ಬೆಳಗ್ಗೆ ಏನೂ ನೆನಪಿಲ್ಲ ಅಮ್ಮ ಅಂತ ಅಳುತ್ತಾಳೆ. ಈ ಎಲ್‌ಟಿಪಿ ಜಾಸ್ತಿ ಮಾಡುವ ಔಷಧಿ ಏನಾದರೂ ಇದೆಯಾ? ಅಂಗಡಿಯಲ್ಲಿ ತುಂಬಾ ಬಗೆಯ ಟಾನಿಕ್ ಸಿಗುತ್ತವೆ.

ವಾರ್ಡ್_ರೌಂಡ್ಸ್
ಅಮ್ಮಾ, ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಟಾನಿಕ್ ಬೇಡ. ಮಗುವಿಗೆ ನಿದ್ದೆ ಮಾಡಲು ಬಿಡಿ, ಅಳುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಇದು ಸುಮ್ನೆ ಸಮಾಧಾನದ ಮಾತಲ್ಲ. ಒತ್ತಡ ಮಿದುಳಿಗೆ ಏನು ಮಾಡುತ್ತದೆ ಅಂತ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ತೋರಿಸಿದೆ. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದ ಹಾಗೆ ಕಟ್ಟಿಹಾಕಿ ಒತ್ತಡ ಕೊಟ್ಟರು. ಹಿಪೊಕ್ಯಾಂಪಸ್‌ನ ಸಿಎ3 ಭಾಗದಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದವು. ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲದಲ್ಲಿ ಅದೇ ಕೊಂಬೆಗಳು ಬೆಳೆದವು. ಕಲಿಯುವ ಜಾಗ ಕುಗ್ಗಿತು, ಹೆದರುವ ಜಾಗ ಬೆಳೆಯಿತು. ಇಲಿಯ ಫಲಿತಾಂಶವನ್ನು ಹಾಗೇ ಮಕ್ಕಳಿಗೆ ಅನ್ವಯಿಸಬಾರದು, ಆದರೂ ಅಳುತ್ತಾ ಓದುವ ಮಗುವನ್ನು ನೋಡಿದಾಗ ನನಗೆ ಆ ಚಿತ್ರಗಳೇ ನೆನಪಾಗುತ್ತವೆ.

ಪರೀಕ್ಷೆ_ಮನೆ
ಇವತ್ತಿನಿಂದ ಹನ್ನೊಂದಕ್ಕೆ ಲೈಟ್ ಆಫ್ ಮಾಡಿಸುತ್ತೇನೆ ಡಾಕ್ಟ್ರೇ.

ತಂಗಿಯ_ಅಕ್ಕ
ನಾನು ಈ ವೇದಿಕೆಯಲ್ಲಿ ಬರೀ ಓದುವವಳು. ಎನ್‌ಎಂಡಿಎ ಅನ್ನುವ ಹೆಸರು ನೋಡಿ ಬರೆಯದೇ ಇರಲು ಆಗಲಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ತಂಗಿಗೆ 22. ಇದ್ದಕ್ಕಿದ್ದ ಹಾಗೆ ನಿದ್ದೆ ಬಿಟ್ಟಳು. ಗೋಡೆ ನೋಡಿ ಮಾತಾಡತೊಡಗಿದಳು. ಊರಿನಲ್ಲಿ ಗಾಳಿ ಸೋಕಿದೆ ಅಂದರು, ತಾಯಿತ ಕಟ್ಟಿಸಿದೆವು. ಒಂದು ಆಸ್ಪತ್ರೆಯಲ್ಲಿ ಮನೋರೋಗ ಅಂತ ಮೂರು ವಾರ ಮಾತ್ರೆ ಕೊಟ್ಟರು. ಆಮೇಲೆ ಫಿಟ್ಸ್ ಬಂತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಬೆನ್ನಿನ ನೀರು ತೆಗೆದು ನೋಡಿ, ಎನ್‌ಎಂಡಿಎ ರಿಸೆಪ್ಟರ್ ವಿರುದ್ಧ ಅವಳ ಮೈಯೇ ಪ್ರತಿಕಾಯ ಮಾಡಿಕೊಂಡಿದೆ ಅಂದರು. ಚಿಕಿತ್ಸೆ ಆಯಿತು. ಈಗ ಕೆಲಸಕ್ಕೆ ಹೋಗುತ್ತಾಳೆ, ನಗುತ್ತಾಳೆ, ನನ್ನ ಜೊತೆ ಜಗಳ ಆಡುತ್ತಾಳೆ.

ಆದರೆ ಆ ಎರಡು ತಿಂಗಳು ಅವಳ ಪಾಲಿಗೆ ಇಲ್ಲವೇ ಇಲ್ಲ. ಅಮ್ಮ ಅವಳ ಕೈ ಹಿಡಿದು ಅಷ್ಟೂ ರಾತ್ರಿ ಕೂತಿದ್ದು ಗೊತ್ತಿಲ್ಲ. "ಒಂದು ದಿನ ನೆನಪಾಗುತ್ತಾ ಅಕ್ಕಾ?" ಅಂತ ಕೇಳುತ್ತಾಳೆ. ಲಾಕರ್ ಬಗ್ಗೆ ಓದಿದಾಗ ನನಗೆ ಏನೋ ಅರ್ಥವಾದ ಹಾಗಾಯಿತು. ಸರಿಯಾ ಹೇಳಿ.

ವಾರ್ಡ್_ರೌಂಡ್ಸ್
ಅಕ್ಕಾ, ನೀವು ಅರ್ಥ ಮಾಡಿಕೊಂಡಿದ್ದು ಸರಿ. ಈ ಕಾಯಿಲೆಯನ್ನು ಜೋಸೆಪ್ ಡಾಲ್ಮಾವ್ ಮತ್ತು ಜೊತೆಗಾರರು 2007ರಲ್ಲಿ ಗುರುತಿಸಿದರು. ಅದಕ್ಕೂ ಮೊದಲು ಎಷ್ಟೋ ಹೆಣ್ಣುಮಕ್ಕಳು ಮನೋರೋಗಿಗಳು ಅನ್ನಿಸಿಕೊಂಡೇ ಉಳಿದುಬಿಟ್ಟಿರಬೇಕು. ಪ್ರತಿಕಾಯಗಳು ಎನ್‌ಎಂಡಿಎ ರಿಸೆಪ್ಟರ್‌ಗಳನ್ನು ಜೋಡಿಸಿ ಎಳೆಯುತ್ತವೆ. ಕೋಶ ಅವನ್ನು ಒಳಗೆ ಎಳೆದುಕೊಂಡುಬಿಡುತ್ತದೆ. ನರಕೋಶ ಸಾಮಾನ್ಯವಾಗಿ ಸಾಯುವುದಿಲ್ಲ. ಪ್ರತಿಕಾಯ ಕಡಿಮೆಯಾದರೆ ರಿಸೆಪ್ಟರ್‌ಗಳು ಮತ್ತೆ ಮೇಲೆ ಬರುತ್ತವೆ. ಅದಕ್ಕೇ ನಿಮ್ಮ ತಂಗಿ ನಿಮಗೆ ವಾಪಸ್ ಸಿಕ್ಕಳು.

ಆ ಎರಡು ತಿಂಗಳು ಮಾತ್ರ ಬೇರೆ. ಆ ದಿನಗಳಲ್ಲಿ ಲಾಕರ್ ತೆಗೆಯುವ ಹಾಗೇ ಇರಲಿಲ್ಲ. ಒಳಗೆ ಏನೂ ಹೋಗಲಿಲ್ಲ, ಹಾಗಾಗಿ ಹುಡುಕಿದರೂ ಸಿಗುವುದಿಲ್ಲ. ಅವಳು ಮರೆತಳು ಅನ್ನುವುದು ತಪ್ಪು. ನೀವು ಮತ್ತು ಅಮ್ಮ ಅವಳಿಗೆ ಹೇಳಿ, ಎಷ್ಟು ಸಲ ಬೇಕಾದರೂ ಹೇಳಿ. ಕೇಳಿದ್ದು ಅವಳ ನೆನಪಾಗಿ ಉಳಿಯುತ್ತದೆ, ಈಗ ಅವಳ ರಿಸೆಪ್ಟರ್‌ಗಳು ಕೆಲಸ ಮಾಡುತ್ತಿವೆ.

ತಂಗಿಯ_ಅಕ್ಕ
ಇದನ್ನು ಅವಳಿಗೆ ಓದಿ ಹೇಳಿದೆ. ಅಮ್ಮನಿಗೂ.

ಎಲ್ಬೆ_ದಡ
ನಾನು ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಇದ್ದೇನೆ, ಊರು ಪುತ್ತೂರು. ಬೆಳಗಿನ ಸ್ಲೈಸ್ ಅವರು ಮೊದಲ ನಿಮಿಷಗಳ ಕತೆ ಹೇಳಿದರು. ಗಂಟೆಗಳ ಕತೆ ಈ ಊರಿನದ್ದು, ಹಾಗಾಗಿ ನಾನು ಬರೆಯುತ್ತೇನೆ.

1988ರಲ್ಲಿ ಇಲ್ಲಿನ ಉವೆ ಫ್ರೈ ಮತ್ತು ಜೊತೆಗಾರರು ಹಿಪೊಕ್ಯಾಂಪಸ್ ಹೋಳಿಗೆ ಹೊಸ ಪ್ರೋಟೀನ್ ತಯಾರಾಗದ ಹಾಗೆ ಮಾಡುವ ಔಷಧಿ ಹಾಕಿದರು. ಎಲ್‌ಟಿಪಿ ಶುರುವಾಯಿತು, ಮೊದಲ ಗಂಟೆಗಳು ಚೆನ್ನಾಗಿಯೇ ಇತ್ತು. ಆಮೇಲೆ ಇಳಿಯುತ್ತಾ ಬಂತು. ಅಂದರೆ ಶುರು ಮಾಡಲು ಇರುವ ಸಾಮಾನೇ ಸಾಕು, ಉಳಿಸಿಕೊಳ್ಳಲು ಹೊಸದಾಗಿ ಮಾಡಬೇಕು. ಕೋಶದ ಒಳಗೆ ಸುದ್ದಿ ಹೋಗಿ, ಕ್ರೆಬ್ ಎಂಬ ಪ್ರೋಟೀನ್ ಎಚ್ಚೆತ್ತು, ವಂಶವಾಹಿಗಳು ಚಾಲೂ ಆಗುತ್ತವೆ. ಇದರಲ್ಲಿ ಬಹಳಷ್ಟನ್ನು ಎರಿಕ್ ಕ್ಯಾಂಡೆಲ್ ಕಡಲ ಬಸವನಹುಳುವಿನಂಥ ಒಂದು ಜೀವಿಯಲ್ಲಿ ಕಂಡುಕೊಂಡು 2000ದಲ್ಲಿ ನೊಬೆಲ್ ಪಡೆದರು.

ಇಲ್ಲೊಂದು ತೊಡಕು ಬಂತು. ಒಂದು ನರಕೋಶಕ್ಕೆ ಸಾವಿರಾರು ಸಿನಾಪ್ಸ್. ಪ್ರೋಟೀನ್ ತಯಾರಾಗುವ ಅಡುಗೆ ಮನೆ ದೂರದಲ್ಲಿದೆ. ಮಾಡಿದ ಪ್ರೋಟೀನ್ ಸರಿಯಾದ ಸಿನಾಪ್ಸ್‌ಗೇ ಹೇಗೆ ತಲುಪುತ್ತದೆ? ಫ್ರೈ ಮತ್ತು ರಿಚರ್ಡ್ ಮಾರಿಸ್ 1997ರಲ್ಲಿ ಕೊಟ್ಟ ಉತ್ತರ ನಮ್ಮ ಊಟದ ಪಂಕ್ತಿಯ ಹಾಗಿದೆ. ಅಡುಗೆಯವರು ಹೆಸರು ಕೇಳಿ ಬಡಿಸುವುದಿಲ್ಲ. ಎಲೆ ಹಾಕಿದ ಕಡೆ ಬಡಿಸುತ್ತಾ ಹೋಗುತ್ತಾರೆ. ಗಟ್ಟಿಯಾಗಲು ಶುರುವಾದ ಸಿನಾಪ್ಸ್ ಒಂದು ಗುರುತು ಇಟ್ಟುಕೊಳ್ಳುತ್ತದೆ, ಅದೇ ಎಲೆ. ಬೇರೆ ಸಿನಾಪ್ಸ್‌ನ ಗಲಾಟೆಯಿಂದಾಗಿ ಅಡುಗೆ ಆಗಿದ್ದರೂ ಸರಿ, ಎಲೆ ಹಾಕಿದವನಿಗೂ ಪಾಲು ಸಿಗುತ್ತದೆ. ಎಲೆ ಕೆಲವು ಗಂಟೆ ಮಾತ್ರ ಇರುತ್ತದೆ. ಒಂದು ದೊಡ್ಡ ಘಟನೆಯ ದಿನ ಅದರ ಆಸುಪಾಸಿನ ಸಣ್ಣ ಪುಟ್ಟ ವಿಷಯಗಳೂ ನೆನಪಿರುತ್ತವಲ್ಲ, ಅದಕ್ಕೆ ಇದೇ ಕಾರಣ ಇರಬಹುದು ಅನ್ನುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ಧಾರವಾಡದವ
ಎಲ್ಲಾ ಒಪ್ಪಿದೆ. ಆದರೆ ಮೇಷ್ಟ್ರ ಹುಡುಗಿಯ ಪ್ರಶ್ನೆ ಅಲ್ಲೇ ಉಳಿಯಿತಲ್ಲ? ಹೊಸ ಪ್ರೋಟೀನ್ ಬಂತು, ಸರಿ. ಅದೂ ನಾಳೆ ಸವೆಯುತ್ತದೆ. ನಾಡಿದ್ದು ಯಾರು?

ಎಲ್ಬೆ_ದಡ
ಹೌದು, ಅಲ್ಲೇ ಉಳಿದಿದೆ. ಉತ್ತರ ಹೇಳಲು ಹೊರಟ ಮೊದಲಿಗರಲ್ಲಿ ಒಬ್ಬರು ಜಾನ್ ಲಿಸ್ಮನ್, 1985ರಲ್ಲಿ, ಕ್ರಿಕ್ ಬರೆದ ಮರುವರ್ಷ. ಕ್ಯಾಮ್‌ಕೆ-2 ಉಂಗುರವನ್ನು 12 ಜನರ ಭಜನಾ ಮಂಡಳಿ ಅಂದುಕೊಳ್ಳಿ. ಹಳಬರೊಬ್ಬರು ಹೋದರು, ಹೊಸಬರು ಬಂದರು. ಬಂದವರಿಗೆ ಹಾಡು ಗೊತ್ತಿಲ್ಲ. ಆದರೆ ಪಕ್ಕದಲ್ಲಿ ಕೂತವರು ಹಾಡುತ್ತಿದ್ದಾರೆ, ಕೇಳಿ ಕಲಿಯುತ್ತಾರೆ. ಅಂದರೆ ಪಕ್ಕದ ತುಂಡು ಹೊಸ ತುಂಡಿಗೆ ಫಾಸ್ಫೇಟ್ ಅಂಟಿಸುತ್ತದೆ. ಹೀಗೆ ಒಬ್ಬೊಬ್ಬರೇ ಬದಲಾಗಿ, ಕೊನೆಗೆ ಹನ್ನೆರಡೂ ಜನ ಹೊಸಬರಾದರೂ ಹಾಡು ಹಾಗೇ ಉಳಿಯುತ್ತದೆ. ಎಂಥಾ ಚಂದದ ಯೋಚನೆ ಅಲ್ವಾ?

ನಮ್ಮ ಬೆಂಗಳೂರಿನವರ ಪಾಲೂ ಇಲ್ಲಿದೆ. ಎನ್‌ಸಿಬಿಎಸ್‌ನ ಉಪಿಂದರ್ ಭಲ್ಲಾ ನ್ಯೂಯಾರ್ಕಿನ ರವಿ ಅಯ್ಯಂಗಾರ್ ಜೊತೆ ಸೇರಿ 1999ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದರು. ಸಿನಾಪ್ಸ್ ಒಳಗಿನ ರಾಸಾಯನಿಕ ದಾರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಒಂದಕ್ಕೊಂದು ಕೈಕೊಡುವ ಸುತ್ತು ಇದ್ದರೆ, ಚಿಕ್ಕ ಸೂಚನೆ ಹೋದ ಮೇಲೂ ಇಡೀ ಜಾಲ ಎದ್ದ ಸ್ಥಿತಿಯಲ್ಲೇ ನಿಲ್ಲಬಲ್ಲದು ಅಂತ ಕಂಡಿತು.

ಬೆಳಗಿನ_ಸ್ಲೈಸ್
ಭಜನಾ ಮಂಡಳಿ ಉದಾಹರಣೆ ನನಗೂ ಇಷ್ಟ. ಆದರೆ ಸರ್, ಮಕ್ಕಳಿಗೆ ಇದೇ ಉತ್ತರ ಅಂತ ಹೇಳಬೇಡಿ, ದಯವಿಟ್ಟು. 2009ರಲ್ಲಿ ರ್ಯೊಹೆ ಯಸುದಾ ಅವರ ತಂಡ ಜೀವಂತ ಸ್ಪೈನ್‌ನಲ್ಲಿ ಈ ಕಿಣ್ವವನ್ನು ನೇರವಾಗಿ ನೋಡಿತು. ಎದ್ದಿದ್ದು ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಮತ್ತೆ ಮಲಗಿತ್ತು. ಸ್ಪೈನ್ ಮಾತ್ರ ದಪ್ಪವಾಗಿಯೇ ಇತ್ತು. ಅಂದರೆ ಕ್ಯಾಮ್‌ಕೆ-2 ಬೆಂಕಿ ಹಚ್ಚುತ್ತದೆ, ಕಾಯುವವರು ಬೇರೆ ಯಾರೋ. 2023ರಲ್ಲಿ ಇನ್ನೂ ಒಂದು ಸುದ್ದಿ ಬಂತು. ಅದು ಫಾಸ್ಫೇಟ್ ಅಂಟಿಸುವ ಕೆಲಸಕ್ಕಿಂತ, ಎನ್‌ಎಂಡಿಎ ರಿಸೆಪ್ಟರ್ ಪಕ್ಕ ಕಂಬದ ಹಾಗೆ ನಿಲ್ಲುವುದೇ ಎಲ್‌ಟಿಪಿ ಶುರುವಾಗಲು ಮುಖ್ಯ ಅಂತ ಕೊಲೊರಾಡೊದ ತಂಡ ತೋರಿಸಿತು. ನಾನು ವರ್ಷಗಟ್ಟಲೆ ಬೇರೆ ರೀತಿ ನಂಬಿದ್ದೆ. ಆ ಪ್ರಬಂಧ ಓದಿ ಮನಸ್ಸು ಬದಲಿಸಿಕೊಳ್ಳಬೇಕಾಯಿತು.

ಧಾರವಾಡದವ
ಹಾಗಾದರೆ ಕಾಯುವವರು ಯಾರು ಮೇಡಂ?

ಬೆಳಗಿನ_ಸ್ಲೈಸ್
ಒಬ್ಬರ ಹೆಸರು ಪಿಕೆಎಂ-ಝೀಟಾ. ಅದರ ಕತೆ ಏರಿಳಿತದ್ದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಟಾಡ್ ಸ್ಯಾಕ್ಟರ್ ಇದರ ಬೆನ್ನು ಹತ್ತಿ ದಶಕಗಳೇ ಆದವು. ಇದು ಎಲ್‌ಟಿಪಿ ಆದಾಗ ಹೊಸದಾಗಿ ತಯಾರಾಗುವ ಕಿಣ್ವ. ಒಮ್ಮೆ ತಯಾರಾದರೆ ಕ್ಯಾಲ್ಸಿಯಂ ಇಲ್ಲದೆಯೂ ಕೆಲಸ ಮಾಡುತ್ತಲೇ ಇರುತ್ತದೆ. 2006ರಲ್ಲಿ ಅವರು ಇಲಿಯ ಹಿಪೊಕ್ಯಾಂಪಸ್‌ಗೆ ಇದನ್ನು ತಡೆಯುವ ಝಿಪ್ ಎಂಬ ವಸ್ತು ಹಾಕಿದರು. ಇಲಿ ಕಲಿತಿದ್ದ ಜಾಗದ ನೆನಪು ಅಳಿಸಿಹೋಯಿತು. ದೊಡ್ಡ ಸುದ್ದಿ ಆಯಿತು.

2013ರಲ್ಲಿ ಎರಡು ತಂಡಗಳು ಈ ಕಿಣ್ವವೇ ಇಲ್ಲದ ಇಲಿಗಳನ್ನು ಹುಟ್ಟಿಸಿದವು. ಅವು ಚೆನ್ನಾಗಿಯೇ ಕಲಿತವು. ಅವುಗಳಲ್ಲೂ ಝಿಪ್ ಹಾಕಿದರೆ ನೆನಪು ಹೋಯಿತು! ಎಲ್ಲರೂ ಕತೆ ಮುಗಿಯಿತು ಅಂದುಕೊಂಡರು. ಸ್ಯಾಕ್ಟರ್ ಬಿಡಲಿಲ್ಲ. 2016ರಲ್ಲಿ, ಪಿಕೆಎಂ-ಝೀಟಾ ಹುಟ್ಟಿನಿಂದಲೇ ಇಲ್ಲದಿದ್ದರೆ ಅದರ ದಾಯಾದಿ ಕಿಣ್ವವೊಂದು ಆ ಕೆಲಸ ವಹಿಸಿಕೊಳ್ಳುತ್ತದೆ ಅಂತ ತೋರಿಸಿದರು.

2024ರಲ್ಲಿ ಬಂದಿದ್ದು ನಿಮ್ಮ ಹುಡುಗಿಯ ಪ್ರಶ್ನೆಗೆ ಬಹಳ ಹತ್ತಿರದ್ದು. ಕಿಬ್ರಾ ಎಂಬ ಪ್ರೋಟೀನ್ ಇದೆ. ಕಿಡ್ನಿ ಮತ್ತು ಬ್ರೈನ್ ಎರಡರಲ್ಲೂ ಸಿಕ್ಕಿದ್ದರಿಂದ ಎರಡೂ ಹೆಸರಿನ ಅಕ್ಷರ ಸೇರಿಸಿ ಹಾಗೆ ಕರೆದರು. ಗಟ್ಟಿಯಾದ ಸಿನಾಪ್ಸ್‌ನಲ್ಲಿ ಕಿಬ್ರಾ ಅಂಟಿನ ಹಾಗೆ ಕೂತು ಪಿಕೆಎಂ-ಝೀಟಾವನ್ನು ಅಲ್ಲೇ ಹಿಡಿದಿಡುತ್ತದೆ. ಹಳೆಯ ಪಿಕೆಎಂ-ಝೀಟಾ ಸವೆದರೆ ಹೊಸದು ಬಂದು ಅದೇ ಜಾಗಕ್ಕೆ ಅಂಟುತ್ತದೆ. ಇಲಿಯಲ್ಲಿ ಈ ಎರಡರ ಕೈ ಬಿಡಿಸಿದರೆ ಒಂದು ತಿಂಗಳ ಹಳೆಯ ನೆನಪೂ ಹೋಯಿತು. ಒಂದು ತಿಂಗಳಲ್ಲಿ ಮೊದಲಿನ ಅಣುಗಳು ಎಷ್ಟೋ ಸಲ ಬದಲಾಗಿರುತ್ತವೆ. ಉಳಿದಿದ್ದು ಅವೆರಡರ ಜೋಡಿ. ಇಷ್ಟೇ ಅಂತ ಯಾರೂ ಹೇಳುತ್ತಿಲ್ಲ, ವಾದ ನಡೆಯುತ್ತಲೇ ಇದೆ. ಆದರೆ ದಾರಿ ಈ ಕಡೆ ಇದೆ ಅಂತ ನನಗನ್ನಿಸುತ್ತದೆ.

ವಾರ್ಡ್_ರೌಂಡ್ಸ್
ಒಂದು ತಿದ್ದುಪಡಿ ಮೇಷ್ಟ್ರೇ. ಅಜ್ಜಿಯ ಮದುವೆಯ ನೆನಪು ಈಗ ಹಿಪೊಕ್ಯಾಂಪಸ್ ಒಂದರಲ್ಲೇ ಇರುವುದಿಲ್ಲ. ಮೊಲೈಸನ್ ಅವರಿಗೆ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ಇಲ್ಲದಿದ್ದರೂ ಬಾಲ್ಯದ ದಿನಗಳು ನೆನಪಿದ್ದವು. ವರ್ಷಗಳು ಕಳೆದ ಹಾಗೆ ನೆನಪಿನ ಭಾರ ಮಿದುಳಿನ ಹೊರಪದರಕ್ಕೆ ಹರಡಿಕೊಳ್ಳುತ್ತದೆ. ಆಲ್‌ಝೈಮರ್‌ನಲ್ಲಿ ಇದು ಕಾಣುತ್ತದೆ. ಬೆಳಗಿನ ತಿಂಡಿ ಮರೆತವರು ಐವತ್ತು ವರ್ಷದ ಹಿಂದಿನ ಮದುವೆಯ ಮೆನು ಹೇಳುತ್ತಾರೆ. ಆ ಕಾಯಿಲೆಯಲ್ಲಿ ಹಿಪೊಕ್ಯಾಂಪಸ್‌ಗೆ ಬೇಗ ಪೆಟ್ಟು ಬೀಳುತ್ತದೆ. ಆ ಕಾಯಿಲೆಯಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನ್‌ನ ಸಣ್ಣ ಗುಂಪುಗಳು ಎಲ್‌ಟಿಪಿಯನ್ನೇ ತಡೆಯುತ್ತವೆ ಅಂತ 2002ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಕೋಶ ಸಾಯುವುದಕ್ಕಿಂತ ಮೊದಲೇ ಕೊಂಡಿ ಸೊರಗುತ್ತದೆ.

ತುಂಗಾತೀರದ_ಮೇಷ್ಟ್ರು
ಸೋಮವಾರ ಪಾಠ ಆಯಿತು. ಬೋರ್ಡ್ ಮೇಲೆ ಲಾಕರ್ ಬರೆದೆ, ಎಲೆ ಊಟ ಬರೆದೆ, ಮಂಡಳಿ ಬರೆದು ಅದರ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದೆ. ಕ್ರಿಕ್ ಕೂಡ ಇದನ್ನೇ ಕೇಳಿದ್ದರು ಅಂದಾಗ ಅವಳ ಮುಖ ನೋಡಬೇಕಿತ್ತು. ಪೀರಿಯಡ್ ಮುಗಿದರೂ ಯಾರೂ ಎದ್ದಿರಲಿಲ್ಲ.

ಹೊರಗೆ ಬರುವಾಗ ಅವಳು ಹಿಂದೆಯೇ ಬಂದಳು. "ಸರ್, ಗಟ್ಟಿ ಮಾಡೋಕೆ ಆಗುತ್ತೆ ಅಂದ್ರೆ ಸಡಿಲ ಮಾಡೋಕೂ ಆಗುತ್ತಾ? ಸಡಿಲ ಮಾಡಿದ್ರೆ ನೆನಪು ಹೋಗುತ್ತಾ, ಮತ್ತೆ ಗಟ್ಟಿ ಮಾಡಿದ್ರೆ ವಾಪಸ್ ಬರುತ್ತಾ?" ಮತ್ತೆ ನಿಮ್ಮ ಹತ್ತಿರ ಬಂದಿದ್ದೇನೆ.

ಬೆಳಗಿನ_ಸ್ಲೈಸ್
ಈ ಹುಡುಗಿಯನ್ನು ಒಮ್ಮೆ ಭೇಟಿ ಆಗಬೇಕು ಸರ್. ಅವಳು ಕೇಳಿದ್ದನ್ನು ಹಾಗೇ ಮಾಡಿ ನೋಡಿದ್ದಾರೆ.

ಸಡಿಲ ಮಾಡಲು ಆಗುತ್ತದೆ. ಸೆಕೆಂಡಿಗೆ ಒಂದರಂತೆ ನಿಧಾನವಾಗಿ 900 ಮಿಡಿತ ಕೊಟ್ಟರೆ ಕ್ಯಾಲ್ಸಿಯಂ ಸ್ವಲ್ಪ ಸ್ವಲ್ಪವೇ ಬರುತ್ತದೆ. ಜೋರಾಗಿ ನುಗ್ಗಿದಾಗ ಫಾಸ್ಫೇಟ್ ಅಂಟಿಸುವವರು ಏಳುತ್ತಾರೆ. ತೊಟ್ಟಿಕ್ಕಿದಾಗ ಅದನ್ನು ಕೀಳುವವರು ಏಳುತ್ತಾರೆ. ಆಂಪಾ ಬಾಗಿಲುಗಳು ಒಳಗೆ ಹೋಗುತ್ತವೆ. ಇದು ಲಾಂಗ್ ಟರ್ಮ್ ಡಿಪ್ರೆಶನ್, ಚಿಕ್ಕದಾಗಿ ಎಲ್‌ಟಿಡಿ.

2014ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಸಾದೆಘ್ ನಬಾವಿ, ರಾಬರ್ಟೊ ಮಾಲಿನೊ ಮತ್ತು ಜೊತೆಗಾರರು ಇಲಿಯ ಅಮಿಗ್ಡಲಕ್ಕೆ ಹೋಗುವ ಕೇಳುವ ನರಗಳನ್ನು ಬೆಳಕಿಗೆ ಎಚ್ಚೆತ್ತುಕೊಳ್ಳುವ ಹಾಗೆ ಮಾಡಿದರು. ಇದು ಹಿಪೊಕ್ಯಾಂಪಸ್ ಅಲ್ಲ, ಪಕ್ಕದ ಮನೆ. ಬೆಳಕಿನ ಮಿಡಿತದ ಜೊತೆ ಕಾಲಿಗೆ ಸಣ್ಣ ಶಾಕ್ ಕೊಟ್ಟರು. ಆಮೇಲೆ ಬರೀ ಬೆಳಕಿಗೇ ಇಲಿ ಹೆದರಿತು. ಅದೇ ನರಗಳಿಗೆ ಎಲ್‌ಟಿಡಿ ಆಗುವ ಹಾಗೆ ನಿಧಾನ ಬೆಳಕು ಕೊಟ್ಟರು. ಭಯ ಹೋಯಿತು. ಶಾಕ್ ಇಲ್ಲದೆಯೇ, ಎಲ್‌ಟಿಪಿ ಆಗುವ ಹಾಗೆ ಜೋರು ಬೆಳಕು ಕೊಟ್ಟರು. ಭಯ ವಾಪಸ್ ಬಂತು.